ಕೋಕೋ ತೋಟದ ನೆರಳನ್ನೇ ಹೀರಿದ ಕೀಟ

ಕೋಕೋ ನೆರಳಿನಲ್ಲಿ ಹುಟ್ಟಿ ಬೆಳೆದ ಗಿಡ. ಅಮೆಜಾನ್ ಕಾಡಿನ ಎತ್ತರದ ಮರಗಳ ಕೆಳಗೆ, ಎಲೆಗಳ ನಡುವೆ ಸೋಸಿ ಬರುವ ಬೆಳಕೇ ಅದಕ್ಕೆ ಒಗ್ಗಿದ್ದು. ಅದನ್ನು ತೋಟಕ್ಕೆ ತಂದವರು ಮೇಲೊಂದು ಹಸಿರು ಚಪ್ಪರವನ್ನೂ ಹಾಕಬೇಕಾಯಿತು. ಆಗ್ನೇಯ ಏಷ್ಯಾದ ಅನೇಕ ತೋಟಗಳಲ್ಲಿ ಆ ಚಪ್ಪರವಾದದ್ದು ಸುಬಾಬುಲ್. ಬೇಗ ಬೆಳೆಯುತ್ತದೆ, ಕಡಿದರೆ ಮತ್ತೆ ಚಿಗುರುತ್ತದೆ, ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ, ಉದುರಿದ ಎಲೆ ಗೊಬ್ಬರವಾಗುತ್ತದೆ. ರೈತರು ಅದನ್ನು ನೆಚ್ಚಿಕೊಳ್ಳಲು ಇಷ್ಟು ಸಾಕಿತ್ತು.

ಸುಬಾಬುಲ್‌ನ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಸ್ಪೇನಿನವರ ಹಡಗುಗಳಲ್ಲಿ ಅದು ಪೆಸಿಫಿಕ್ ಸಾಗರ ದಾಟಿ ಫಿಲಿಪ್ಪೀನ್ಸ್ ತಲುಪಿತು. ಹದಿನೇಳನೇ ಶತಮಾನದಲ್ಲಿ ಕೋಕೋ ಕೂಡ ಅದೇ ದಾರಿಯಲ್ಲಿ ಬಂತು. ಮರ ಬಂದರೂ ಅದರ ಶತ್ರು ತವರಿನಲ್ಲೇ ಉಳಿದಿತ್ತು. ಆ ಶತ್ರು ಸುಮಾರು ಎರಡು ಮಿಲಿಮೀಟರ್ ಉದ್ದದ, ರಸ ಹೀರುವ ಸಿಲ್ಲಿಡ್ ಕೀಟ. ವೈಜ್ಞಾನಿಕ ಹೆಸರು ಹೆಟೆರೋಸಿಲ್ಲಾ ಕ್ಯೂಬಾನಾ. 1983ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿಕೊಂಡ ಅದು 1984ರಲ್ಲಿ ಹವಾಯಿ, 1985ರಲ್ಲಿ ಫಿಲಿಪ್ಪೀನ್ಸ್, 1986ರಲ್ಲಿ ಇಂಡೋನೇಷ್ಯಾ ಮುಟ್ಟಿತು. 1988ರ ಹೊತ್ತಿಗೆ ದಕ್ಷಿಣ ಭಾರತಕ್ಕೂ ಬಂದಿತ್ತು.

ಈ ಕೀಟಕ್ಕೆ ಬೇಕಾದದ್ದು ಎಳೆ ಚಿಗುರು. ಇನ್ನೂ ಬಿಚ್ಚದ ಎಲೆಗಳ ಸಂದಿಯಲ್ಲಿ ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಮರಿಗಳು ರಸ ಹೀರುತ್ತಾ ಬೆಳೆದು ಎರಡು ಮೂರು ವಾರಗಳಲ್ಲಿ ಮುಂದಿನ ಪೀಳಿಗೆಗೆ ಸಿದ್ಧವಾಗುತ್ತವೆ. ಚಿಗುರು ಸುರುಟಿ ಉದುರುತ್ತದೆ. ಕೀಟ ಹೊರಹಾಕುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಹಬ್ಬುತ್ತದೆ. ಮರ ಮತ್ತೆ ಚಿಗುರುತ್ತದೆ, ಕೀಟ ಮತ್ತೆ ಮುತ್ತುತ್ತದೆ. ಇದು ಮರುಕಳಿಸಿದಂತೆ ಕೊಂಬೆಗಳು ಒಣಗುತ್ತವೆ.

ಸಿಲ್ಲಿಡ್ ಕೋಕೋ ಗಿಡವನ್ನು ಮುಟ್ಟುವುದಿಲ್ಲ. ಆದರೂ ಪೆಟ್ಟು ಬೀಳುವುದು ಕೋಕೋಗೇ. ನೆರಳು ಹರಿದಾಗ ನೆಲದ ತೇವ ಆರುತ್ತದೆ, ಕಳೆ ಏಳುತ್ತದೆ, ಎಳೆಯ ಗಿಡಗಳು ಬಾಡುತ್ತವೆ, ಬಿಸಿಲಿಗೆ ಬಳಲಿದ ಎಲೆಗಳಲ್ಲಿ ಥ್ರಿಪ್ಸ್ ಎಂಬ ಸಣ್ಣ ಕೀಟ ಹೆಚ್ಚುತ್ತದೆ. ಪಶ್ಚಿಮ ಆಫ್ರಿಕದ ತೋಟಗಳಲ್ಲಿ ಮಿರಿಡ್ ಎಂಬ ತಿಗಣೆಗಳು ನೆರಳು ಕಿತ್ತುಹೋದ ಜಾಗಗಳಲ್ಲೇ ಗುಂಪುಗೂಡುವುದನ್ನು ವಿಜ್ಞಾನಿಗಳು ಬಹುಕಾಲದಿಂದ ಗಮನಿಸಿದ್ದಾರೆ.

ಒಂದು ಪುಟ್ಟ ಕೀಟಕ್ಕೆ ಇಷ್ಟು ದೂರದ ಮರಗಳು ಒಟ್ಟಿಗೇ ಸೋತದ್ದೇಕೆ? ಸುಬಾಬುಲ್ ತನ್ನದೇ ಪರಾಗದಿಂದ ಬೀಜ ಕಟ್ಟಬಲ್ಲದು. ಕೆಲವೇ ಮರಗಳ ಸಂತತಿ ಲೋಕವೆಲ್ಲ ಹಬ್ಬಿದ್ದರಿಂದ ಅವುಗಳ ಅನುವಂಶಿಕ ಗುಣಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಒಂದು ಮರಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಪಕ್ಕದ ಮರಕ್ಕೂ ಇರಲಿಲ್ಲ.

ಎತ್ತರದ ಮರಗಳಿಗೆ ವಿಷ ಸಿಂಪಡಿಸುವುದು ದುಬಾರಿ, ಅಪಾಯಕಾರಿ ಕೂಡ. ಕೋಕೋ ಹೂವಿನ ಪರಾಗಸ್ಪರ್ಶ ನಡೆಸುವ ಸಣ್ಣ ನುಸಿಗಳ ಮೇಲೂ ಆ ವಿಷ ಬೀಳುತ್ತದೆ. ಆದ್ದರಿಂದ ವಿಜ್ಞಾನಿಗಳು ಸಿಲ್ಲಿಡ್ ತಿನ್ನುವ ಗುಲಗಂಜಿ ಹುಳುವಿನ ಮೊರೆಹೋದರು. ನೀಲಿಗಪ್ಪು ಮೈಯ ಕ್ಯೂರಿನಸ್ ಕೊಯರೂಲಿಯಸ್ ಎಂಬ ಈ ಹುಳು ಹವಾಯಿಯಿಂದ ಇಂಡೋನೇಷ್ಯಾಕ್ಕೆ ಹೋಯಿತು. 1988ರಲ್ಲಿ ಥಾಯ್ಲೆಂಡಿನಿಂದ ಬೆಂಗಳೂರಿಗೂ ತಂದು ಬಿಡಲಾಯಿತು. ಇಲ್ಲಿ ಅದು ನೆಲೆಯೂರಿತು. ಸುಬಾಬುಲ್ ಅನ್ನು ಅದರ ಹತ್ತಿರದ ಪ್ರಭೇದಗಳೊಡನೆ ಸಂಕರಗೊಳಿಸಿ, ಕೀಟವನ್ನು ತಾಳಿಕೊಳ್ಳುವ ತಳಿಗಳನ್ನೂ ಬೆಳೆಸಿದರು.

ನಮ್ಮ ತೋಟಗಳಿಗೂ ಈ ಪಾಠ ಹೊರಗಿನದಲ್ಲ. ದಕ್ಷಿಣ ಕನ್ನಡದಲ್ಲಿ ಕೋಕೋಗೆ ನೆರಳು ಅಡಿಕೆಯದು. ಬೇರುಹುಳ ಅಡಿಕೆಯ ಬೇರು ತಿಂದು ತಲೆಯನ್ನು ಸೊರಗಿಸಿದರೆ ಕೆಳಗಿನ ಕೋಕೋಗೂ ಬಿಸಿಲು ತಟ್ಟುತ್ತದೆ. ಕಾಳುಮೆಣಸಿನ ಬಳ್ಳಿಗೆ ಆಸರೆಯಾದ ಹಾಲುವಾಣದ ಕಥೆಯೂ ಬೇರೆಯಲ್ಲ: 2004ರಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾದ ಒಂದು ಪುಟ್ಟ ಕಣಜ ಅದರ ಎಲೆ, ಚಿಗುರುಗಳನ್ನು ಗಂಟುಗಟ್ಟಿಸಿ, ಕೆಲವೇ ವರ್ಷಗಳಲ್ಲಿ ಏಷ್ಯಾದಿಂದ ಹವಾಯಿವರೆಗೆ ಹರಡಿತು.

ಹಾಗಾಗಿ ನೆರಳಿನ ಮರವನ್ನೂ ಬೆಳೆಯಂತೆಯೇ ನೋಡಿಕೊಳ್ಳಬೇಕು. ಕೋಕೋ ಕಾಯಿ ನೋಡಲು ಹೋದಾಗ ಮೇಲಿನ ಚಿಗುರನ್ನೂ ನೋಡಬೇಕು. ನೆರಳಿಗೆ ಒಂದೇ ಜಾತಿಯನ್ನು ನೆಚ್ಚದೆ ಮೂರು ನಾಲ್ಕು ಜಾತಿಯ ಮರಗಳನ್ನು ಬೆರೆಸಿ ಬೆಳೆಸಬೇಕು. ಒಂದು ಜಾತಿ ಕೀಟಕ್ಕೆ ಸೋತ ವರ್ಷ ಉಳಿದವು ನೆರಳು ಕೊಡುತ್ತವೆ. ರೈತನಿಗೆ ಚೇತರಿಸಿಕೊಳ್ಳಲು ಕಾಲಾವಕಾಶ ಸಿಗುತ್ತದೆ.