ಕೊನೆಯ ಮೆಟ್ಟಿಲು ಮಕ್ಕಳಿಗೆ

ಗೊಂಬೆ ಹಬ್ಬದಲ್ಲಿ ಮೇಲಿನ ಮೆಟ್ಟಿಲು ಪಟ್ಟದ ರಾಜ-ರಾಣಿಗೆ ಮೀಸಲು. ಕೊನೆಯ ಮೆಟ್ಟಿಲನ್ನು ಮೊಮ್ಮಕ್ಕಳಿಗೆ ಬಿಟ್ಟುಕೊಡಿ.

ನವರಾತ್ರಿಗೆ ಎರಡು ವಾರ ಮೊದಲೇ ಹಳೆಯ ಪತ್ರಿಕೆ ಚೂರು ಮಾಡಿ ರಾತ್ರಿಯಿಡೀ ನೆನೆಸಿ. ಹಿಂಡಿ, ರುಬ್ಬಿ, ಮೈದಾ ಅಂಟು ಕಲಸಿ. ಹುಳು ಹಿಡಿಯದಿರಲೆಂದು ಹಿಂದಿನವರು ಮೆಂತ್ಯವನ್ನೂ ಅರೆದು ಬೆರೆಸುತ್ತಿದ್ದರು. ಮಕ್ಕಳು ಆನೆ, ಹಸು ಏನಾದರೂ ಮಾಡಲಿ. ನೆರಳಲ್ಲಿ ಚೆನ್ನಾಗಿ ಒಣಗಿದ ಮೇಲೆ ಬಣ್ಣ ಹಚ್ಚಲಿ. ಸೊಂಡಿಲು ಸೊಟ್ಟಗಾದರೆ ನೀವು ತಿದ್ದಬೇಡಿ. ತಳದಲ್ಲಿ ಮಗುವೇ ಹೆಸರು, ವಯಸ್ಸು, ಇಸವಿ ಬರೆಯಲಿ.

ನಮ್ಮ ಪೆಟ್ಟಿಗೆಯಲ್ಲಿ ಮೊಮ್ಮಗಳ ಆರು ಗೊಂಬೆಗಳಿವೆ. ಈಗವಳು ಹಾಸ್ಟೆಲಿನಲ್ಲಿದ್ದಾಳೆ. ಹಬ್ಬಕ್ಕೆ ಬರಲಾಗದಿದ್ದರೆ ಫೋನಿನಲ್ಲಿ ಮೊದಲು ಕೇಳುವುದು, “ತಾತ, ನನ್ನ ಆನೆ ಕೂರಿಸಿದ್ಯಾ?”

ಹಬ್ಬ ಮುಗಿದ ಮೇಲೆ ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಮುಂದಿನ ವರ್ಷ ಮಕ್ಕಳ ಕೈಯಲ್ಲೇ ಬಿಚ್ಚಿಸಿ.