ಬೆಳಕು ಹೀರುವ ಕೊಳವೆಗಳು

ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಡೈಫಿನೈಲ್‌ಅಲನಿನ್ ಎಂಬ ಬಿಳಿ ಪುಡಿಯನ್ನು ಘಾಟು ದ್ರಾವಕದಲ್ಲಿ ಕರಗಿಸಿ, ಪಿಪೆಟ್ಟಿನಿಂದ ನೀರಿಗೆ ಬಿಟ್ಟರು. "ಈಗ ನೋಡಿ ಸರ್" ಎನ್ನುವಷ್ಟರಲ್ಲಿ ತಿಳಿನೀರು ಗಂಜಿಯಂತೆ ಬೆಳ್ಳಗಾಯಿತು. ಯಾರೂ ಕಲಕಲಿಲ್ಲ, ಕಾಯಿಸಲಿಲ್ಲ. ಸೂಕ್ಷ್ಮದರ್ಶಕದ ಪರದೆಯ ಮೇಲೆ ನೀಳ ಕೊಳವೆಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಎರಡೇ ಅಮೈನೊ ಆಮ್ಲಗಳ ಪೆಪ್ಟೈಡ್ ತಾನಾಗಿಯೇ ಇಷ್ಟು ಕಟ್ಟಿಕೊಳ್ಳುತ್ತದೆ ಎಂಬ ಬೆರಗು ನನಗಿನ್ನೂ ಇಳಿದಿಲ್ಲ.

ಆಮೇಲೆ ಅವರು ಕೋಣೆಯ ದೀಪ ಆರಿಸಿ ಎರಡು ಶೀಸೆಗಳನ್ನು ಅತಿನೇರಳೆ ಬೆಳಕಿಗೆ ಹಿಡಿದರು. ಪೋರ್ಫಿರಿನ್ ಬಣ್ಣವಷ್ಟೇ ಇದ್ದ ಶೀಸೆ ಕೆಂಪಗೆ ಹೊಳೆಯಿತು. ಪೆಪ್ಟೈಡ್ ಜತೆ ಸೇರಿಸಿದ್ದರಲ್ಲಿ ಹೊಳಪು ಮಂಕಾಗಿತ್ತು. ಬಣ್ಣದ ಅಣುಗಳು ಒತ್ತಾಗಿ ಕೂತಿವೆ, ಹೀರಿದ ಬೆಳಕು ಬೇರೆ ದಾರಿ ಹಿಡಿದಿದೆ ಎಂಬುದರ ಸುಳಿವದು. ಆ ದಾರಿ ಯಾವುದು ಎನ್ನುವುದರಲ್ಲೇ ಈ ವಿಜ್ಞಾನದ ಸ್ವಾರಸ್ಯವೆಲ್ಲ ಇದೆ. ಅಣುಗಳು ಅಚ್ಚುಕಟ್ಟಾಗಿ ಕೂತರೆ ಶಕ್ತಿ ಒಂದರಿಂದ ಒಂದಕ್ಕೆ ದಾಟುತ್ತದೆ. ಹೇಗೆಂದರೆ ಹಾಗೆ ಗುಡ್ಡೆಬಿದ್ದರೆ ಶಾಖವಾಗಿ ಪೋಲಾಗುತ್ತದೆ.

ಅಲ್ಜೈಮರ್ ಕಾಯಿಲೆಯಲ್ಲಿ ಮೆದುಳಿನೊಳಗೆ ಗಂಟುಗಟ್ಟುವ ಅಮಿಲಾಯ್ಡ್ ಬೀಟಾ ಪ್ರೋಟೀನಿನಲ್ಲೂ ಡೈಫಿನೈಲ್‌ಅಲನಿನ್‌ನ ಅಮೈನೊ ಆಮ್ಲದ ಜೋಡಿಯಿದೆ. ಅದರ ಜಾಡು ಹಿಡಿದ ಟೆಲ್ ಅವೀವ್ ವಿಶ್ವವಿದ್ಯಾಲಯದ ರೆಚೆಸ್ ಮತ್ತು ಗಾಜಿತ್ 2003ರಲ್ಲಿ ಈ ಕೊಳವೆಗಳನ್ನು ವರದಿ ಮಾಡಿದರು. 2012ರಲ್ಲಿ ಕೊರಿಯಾದ ಕೈಸ್ಟ್ ಸಂಸ್ಥೆಯ ಚಾನ್ ಬ್ಯೂಮ್ ಪಾರ್ಕ್ ತಂಡ ಅವಕ್ಕೆ ಪೋರ್ಫಿರಿನ್, ಪ್ಲಾಟಿನಂ ಕಣ ಸೇರಿಸಿ ದ್ಯುತಿಸಂಶ್ಲೇಷಣೆಯನ್ನು ಅನುಕರಿಸಿತು. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡ ನ್ಯಾಫ್ತಲೀನ್ ಡೈಇಮೈಡ್ ಬಣ್ಣಗಳನ್ನು ಅಮೈನೊ ಆಮ್ಲ, ಪೆಪ್ಟೈಡ್‌ಗಳಿಗೆ ಬೆಸೆಯುತ್ತ ಬಂದಿದೆ.

ನನ್ನನ್ನು ಬಿಡದೆ ಕಾಡುವುದು ಮಾತ್ರ ಹಸಿರು ಗಂಧಕ ಬ್ಯಾಕ್ಟೀರಿಯಾ. ಅದರ ಕ್ಲೋರೋಸೋಮ್ ಎಂಬ ಚೀಲದಲ್ಲಿ ಲಕ್ಷ, ಎರಡು ಲಕ್ಷ ಬಣ್ಣದ ಅಣುಗಳು ಪ್ರೋಟೀನಿನ ಆಸರೆಯಿಲ್ಲದೆ ತಾವೇ ಸಾಲುಗಟ್ಟುತ್ತವೆ. ಇಂಥದ್ದೊಂದು ಬ್ಯಾಕ್ಟೀರಿಯಾ ಪೆಸಿಫಿಕ್ ಸಾಗರದ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಬಿಸಿನೀರಿನ ಬುಗ್ಗೆಯ ಬಳಿ ಸಿಕ್ಕಿದೆ ಎಂದು 2005ರಲ್ಲಿ ವರದಿಯಾಯಿತು. ಅಲ್ಲಿಗೆ ಸೂರ್ಯನ ಒಂದು ಕಿರಣವೂ ಇಳಿಯದು. ಬುಗ್ಗೆಯ ಕಾವಿನಿಂದ ಹೊಮ್ಮುವ, ನಮ್ಮ ಕಣ್ಣಿಗೆ ಕಾಣದಷ್ಟು ಕ್ಷೀಣವಾದ ಬೆಳಕೇ ಅದಕ್ಕೆ ಆಧಾರವಿರಬೇಕೆಂದು ಸಂಶೋಧಕರು ತರ್ಕಿಸಿದರು. ಅಷ್ಟು ಬಡ ಬೆಳಕಿನಲ್ಲೂ ಬದುಕಿಗೆ ದಾರಿಯಾಗುವುದು ಅಣುಗಳ ಜೋಡಣೆಯಿಂದ! ಪೆಪ್ಟೈಡ್ ಸಂಶೋಧಕರು ಬಯಸುವುದೂ ಅಂಥದೇ ಜೋಡಣೆಯನ್ನು. ಅಮೈನೊ ಆಮ್ಲಗಳ ಕ್ರಮ ಬದಲಿಸಿ ಅದನ್ನು ತಮಗೆ ಬೇಕಾದಂತೆ ತಿದ್ದುವ ಅನುಕೂಲ ಅವರಿಗಿದೆ.

ಹಾಗೆಂದು ಈ ಪೆಪ್ಟೈಡ್ ಜೋಡಣೆಯನ್ನು 'ಕೃತಕ ಎಲೆ' ಎಂದು ಕರೆಯಲು ನನಗೆ ಮನಸ್ಸು ಬಾರದು. ಎಲೆ ಎಲೆಕ್ಟ್ರಾನನ್ನು ನೀರಿನಿಂದಲೇ ಪಡೆಯುತ್ತದೆ. ಕೊರಿಯಾದ ಪ್ರಯೋಗದಲ್ಲಿ ಅದನ್ನು ಒದಗಿಸಿದ್ದು ಟ್ರೈಎಥನಾಲಮೀನ್ ಎಂಬ ರಾಸಾಯನಿಕ. ಅದು ಸವೆದರೆ ಕೆಲಸವೂ ನಿಲ್ಲುತ್ತದೆ.

ನನಗೆ ಹೆಚ್ಚು ಭರವಸೆ ಹುಟ್ಟಿಸಿದ್ದು ಬೀಜಿಂಗ್‌ನ ಶ್ಯುಹಾಯ್ ಯಾನ್ ತಂಡದ 2017ರ ಕೆಲಸ. ಪೋರ್ಫಿರಿನ್‌ಗೆ ಪೆಪ್ಟೈಡ್ ಬೆಸೆದು ಮಾಡಿದ ನ್ಯಾನೊ ಕಣಗಳನ್ನು ಅವರು ಇಲಿಗಳ ಗಡ್ಡೆಗಳ ಮೇಲೆ ಪ್ರಯೋಗಿಸಿದರು. ಬೇರೆ ಕಡೆ ನಷ್ಟವೆನಿಸಿದ ಶಾಖವೇ ಇಲ್ಲಿ ಚಿಕಿತ್ಸೆ. ಮನುಷ್ಯರವರೆಗಿನ ದಾರಿ ದೂರವಿದೆ, ನಿಜ. ಆದರೆ ಇಲ್ಲಿ ಎಲೆಕ್ಟ್ರಾನು ಕೊಡುವವರು ಬೇಕಿಲ್ಲ. ಲೇಸರ್ ಬಿದ್ದ ಕಡೆ ಕಣ ಬಿಸಿಯೇರಿದರೆ ಸಾಕು.