ಕೋರ್ಟಿನಲ್ಲಿ ಮೊಬೈಲ್ ಫೋಟೋ ಮಾತಾಡುತ್ತದೆ!

ಅಪಘಾತದ ಪರಿಹಾರ ಅಂದರೆ ಎಫ್‌ಐಆರ್, ಆಸ್ಪತ್ರೆ ಬಿಲ್ಲು, ಡಾಕ್ಟರ ಸರ್ಟಿಫಿಕೇಟು - ಇಷ್ಟೇ ಅಂತ ನಮ್ಮ ಲೆಕ್ಕ. ಈಗ ಇನ್ನೊಂದು ಸೇರಿದೆ, ಮೊಬೈಲು.

2024ರಲ್ಲಿ ಜೀಪು ಗುದ್ದಿ ನನ್ನ ಬಲಗಾಲು ಮುರಿಯಿತು. ರಾಡ್ ಹಾಕಿದ ಕಾಲಲ್ಲಿ ಏಣಿ ಹತ್ತಲಾಗದು, ಸ್ಪ್ರೇ ಪೈಪು ಎಳೆಯಲಾಗದು. ಪರಿಹಾರಕ್ಕೆ ಅರ್ಜಿ ಹಾಕಿದೆ. ಪಾಟೀಸವಾಲಿನ ದಿನ ವಿಮೆಯವರ ವಕೀಲರು ಒಂದು ಫೋಟೋ ಹಿಡಿದರು - ನಾನು ತೋಟದಲ್ಲಿ ಬೋರ್ಡೋ ಸಿಂಪಡಿಸುತ್ತಿರುವುದು! "ದುಡಿಯಲಾಗದು ಅಂತೀರಿ, ಇದು ಯಾರು?"

ಅದು 2022ರ ಮಳೆಗಾಲದ ಚಿತ್ರ. ಅಳಿಯ ಅದನ್ನು ಫೇಸ್‌ಬುಕ್ಕಿಗೆ ಹಾಕಿದ್ದು ಅಪಘಾತದ ನಂತರ. ತೆಗೆದ ತಾರೀಕು ಬೇರೆ, ಹಾಕಿದ ತಾರೀಕು ಬೇರೆ. ಪುಣ್ಯಕ್ಕೆ ಮೂಲ ಫೋಟೋ ಮಗಳ ಫೋನಿನಲ್ಲಿ ತಾರೀಕು ಸಮೇತ ಇತ್ತು. ಅವಳೇ ಫೋನು ತಂದು ಸಾಕ್ಷಿ ನುಡಿದಳು. ಫೋಟೋದ ಮಾತು ಅಲ್ಲಿಗೆ ನಿಂತಿತು.

ಕಾನೂನು ಏನನ್ನುತ್ತದೆ?

1872ರ ಸಾಕ್ಷ್ಯ ಕಾಯಿದೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಕಲಮಿನಂತೆ ಫೋಟೋ, ವಿಡಿಯೋ, ವಾಟ್ಸಪ್ ಸಂದೇಶಗಳ ಪ್ರತಿ ಕೊಡುವಾಗ ಜತೆಗೊಂದು ಪ್ರಮಾಣಪತ್ರ ಬೇಕು. ಅದಕ್ಕೆ ಎರಡು ಭಾಗ - ಒಂದಕ್ಕೆ ಹಾಜರುಪಡಿಸುವವರ ಸಹಿ, ಇನ್ನೊಂದಕ್ಕೆ ತಜ್ಞರದ್ದು. ಕಡತದ 'ಹ್ಯಾಶ್' ಸಂಖ್ಯೆಯನ್ನೂ ಬರೆಯಬೇಕು. ಅದು ಕಡತದ ಹೆಬ್ಬೆಟ್ಟಿನ ಗುರುತು ಇದ್ದಂತೆ. ಚಿತ್ರ ಚೂರು ತಿದ್ದಿದರೂ ಸಂಖ್ಯೆ ಬದಲು.

ಹಳೆ ಕಾಯಿದೆಯಲ್ಲಿ ಇಂಥದ್ದೇ 65ಬಿ ಪ್ರಮಾಣಪತ್ರ ಇತ್ತು. ಅದು ಕಡ್ಡಾಯ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಹೇಳಿತು. ಮೂಲ ಸಾಧನವನ್ನೇ ಒಡೆಯರು ತಂದು ಸಾಕ್ಷಿ ನುಡಿದರೆ ಬೇಡ ಎಂದೂ ಅದೇ ತೀರ್ಪು.

ಹಾಗಂತ "ಪ್ರಮಾಣಪತ್ರ ಇಲ್ಲ, ಅವರ ಫೋಟೋ ನಡೆಯದು" ಎಂದು ನೆಚ್ಚಿ ಕೂರಬೇಡಿ. ಮೋಟಾರು ಅಪಘಾತ ನ್ಯಾಯಮಂಡಳಿಯದ್ದು ಸಂಕ್ಷಿಪ್ತ ವಿಚಾರಣೆ. ಸಾಕ್ಷ್ಯದ ನಿಯಮವನ್ನು ಅಲ್ಲಿ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಈ ಸಡಿಲ ನಮಗೂ ಉಂಟು, ಎದುರಿನವರಿಗೂ ಉಂಟು.

ಒಂದು ಫೋಟೋಕ್ಕೆ ಇಷ್ಟು ಬೆಲೆ ಯಾಕೆ? ಅಂಗ ಎಷ್ಟು ಶೇಕಡಾ ಊನವಾಯಿತು ಎಂಬುದಕ್ಕಿಂತ ದುಡಿಮೆ ಎಷ್ಟು ಕುಂದಿತು ಎಂಬುದೇ ಮುಖ್ಯ ಎಂದು 2010ರ ರಾಜ್‌ಕುಮಾರ್ - ಅಜಯ್ ಕುಮಾರ್ ತೀರ್ಪು ಹೇಳಿದೆ. ತೋಟದಲ್ಲಿ ನಿಂತ ಚಿತ್ರ ನೇರ ಆ ಲೆಕ್ಕಕ್ಕೇ ಹೊಡೆಯುತ್ತದೆ.

ನೆನಪಿಡಿ

* ಅಪಘಾತದ ಜಾಗ, ವಾಹನ, ಗಾಯದ ಚಿತ್ರಗಳು ತೆಗೆದ ಫೋನಿನಲ್ಲೇ ಇರಲಿ. ವಾಟ್ಸಪ್ಪಿನಲ್ಲಿ ಮಾಮೂಲಿ ಫೋಟೋ ಕಳಿಸಿದಂತೆ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ತಾರೀಕಿನ ವಿವರವೂ ಕಳಚಿಹೋಗುತ್ತದೆ.

* ಕೇಸು ಮುಗಿವ ತನಕ ನಿಮ್ಮ ಫೋಟೋ ಎಲ್ಲೂ ಹಾಕದಂತೆ ಮನೆಯವರಿಗೂ ನೆಂಟರಿಗೂ ಹೇಳಿ.

* ಈಗಾಗಲೇ ಹಾಕಿದ್ದನ್ನು ಗಾಬರಿಯಲ್ಲಿ ಅಳಿಸಬೇಡಿ, ಮುಚ್ಚಿಟ್ಟಂತೆ ಕಾಣುತ್ತದೆ. ನಿಮ್ಮ ವಕೀಲರಿಗೆ ಮೊದಲೇ ತೋರಿಸಿ.

* ಅರ್ಜಿಗೆ ಆರು ತಿಂಗಳ ಗಡುವು 2022ರ ಏಪ್ರಿಲ್ 1ರಿಂದ ಕಾಯಿದೆಯಲ್ಲಿದೆ. ತಡ ಮಾಡಬೇಡಿ.

* ನೀವೇ ಮಾಡುತ್ತಿದ್ದ ಕೆಲಸಕ್ಕೆ ಈಗ ಆಳಿಗೆ ಕೊಡುವ ಸಂಬಳವನ್ನು ತಾರೀಕು ಹಾಕಿ ಬರೆದಿಡಿ. ಅಡಿಕೆ ಮಾರಿದ ಚೀಟಿಗಳನ್ನೂ ಜೋಪಾನ ಮಾಡಿ. ಕುಂದಿದ ದುಡಿಮೆಗೆ ಇವೇ ಸಾಕ್ಷಿ.